ಮೂರು ಸೆಕೆಂಡು ಹಿಂದೆ

"ಇದರಲ್ಲಿ ಚೆನ್ನಾಗಿ ಕಾಣುತ್ತಾ, ಇದರಲ್ಲಾ?" ಎಂದು ಗಾಜು ಬದಲಿಸುತ್ತಾ ಅವನು ಕೇಳಿದ. ಮೂಗಿನ ಮೇಲೆ ಪರೀಕ್ಷೆಯ ಭಾರದ ಚೌಕಟ್ಟು ಹೊತ್ತು ಕುರ್ಚಿಯಲ್ಲಿ ಕೂತಿದ್ದ ಹೆಂಗಸು, ಎದುರು ಗೋಡೆಯ ಬೆಳಕಿನ ಪೆಟ್ಟಿಗೆಯಲ್ಲಿ ಸಾಲುಸಾಲಾಗಿ ಸಣ್ಣದಾಗುತ್ತಾ ಹೋಗುವ ಅಕ್ಷರಗಳನ್ನು ನೋಡಿ, "ಎರಡರಲ್ಲೂ ಒಂದೇ ಥರ ಕಾಣ್ಸುತ್ತೆ" ಎಂದಳು. ಹತ್ತರಲ್ಲಿ ಎಂಟು ಜನ ಹೀಗೇ ಹೇಳುತ್ತಾರೆ. ಹೇಳಿ, ತಪ್ಪಾಯಿತೇನೋ ಎಂದು ಅವನ ಮುಖ ನೋಡುತ್ತಾರೆ. ಕಣ್ಣಿನ ಪರೀಕ್ಷೆಗೆ ಬಂದವರಿಗೆ ಕಾಣುವುದಕ್ಕಿಂತ ಪಾಸಾಗುವುದೇ ಮುಖ್ಯ ಎನ್ನುವುದು ಈ ಕತ್ತಲ ಕೋಣೆಯಲ್ಲಿ ಇಪ್ಪತ್ತೆರಡು ವರ್ಷ ನಿಂತು ಅವನು ಕಂಡುಕೊಂಡ ಸತ್ಯ. ಅಕ್ಷರ ಮಂಜಾಗಿದ್ದರೂ ಊಹಿಸಿ ಓದುತ್ತಾರೆ. ಹಾಗೆ ಊಹಿಸಿದವರ ಕನ್ನಡಕವೇ ವಾರದೊಳಗೆ ವಾಪಸು ಬರುತ್ತದೆ. ಅಂಗಿಯ ಜೇಬಿನಲ್ಲಿ ಫೋನು ನಡುಗಿತು. ಎದೆಗೆ ತಾಗಿಕೊಂಡೇ ಇರುವುದರಿಂದ, ಅದು ನಡುಗಿದಾಗಲೆಲ್ಲ ತನ್ನದೇ ಎದೆ ಒಮ್ಮೆ ತಪ್ಪಿ ಹೊಡೆದಂತಾಗುತ್ತಿತ್ತು. ತೆಗೆದು ನೋಡಬೇಕಾಗಿರಲಿಲ್ಲ. 'ನಿಮ್ಮ ಮನೆಯಲ್ಲಿ ಚಲನೆ ಕಂಡುಬಂದಿದೆ' ಎಂದಿರುತ್ತದೆ. ಹೆಂಡತಿ ತನ್ನ ತಾಯಿಯ, ಅಂದರೆ ಅವನ ಅತ್ತೆಯ, ಮಂಚದ ಪಕ್ಕ ಹಾದುಹೋಗಿರುತ್ತಾಳೆ, ಇಲ್ಲವೇ ಕಿಟಕಿಯ ಪರದೆ ಗಾಳಿಗೆ ಉಬ್ಬಿರುತ್ತದೆ. ಹತ್ತೊಂಬತ್ತು ದಿನದಿಂದ ಮನೆಯಲ್ಲಿ ಚಲನೆಯೆಂದರೆ ಇಷ್ಟೇ. ಆದರೂ ಗೋಡೆಯ ಗಡಿಯಾರದತ್ತ ಅವನ ಕಣ್ಣು ಹೋಯಿತು. ಹತ್ತೂ ನಲವತ್ತು. ಕೆಲಸದವಳು ಬರುತ್ತೇನೆಂದದ್ದು ಹನ್ನೊಂದಕ್ಕೆ. ಅವಳು ಹೇಳಿದ ಹೊತ್ತಿಗೆ ಬರುವವಳು. ಅದಕ್ಕೇ ಅಲ್ಲವೇ ಅವಳಿಗೆ ಆ ಹೆಸರು ಬಿದ್ದದ್ದು.

ಮನೆಗೆಲಸಕ್ಕೆ ಬರುತ್ತಿದ್ದವಳನ್ನು ಅತ್ತೆ 'ಒಂಬತ್ತೂಕಾಲು' ಎನ್ನುತ್ತಿದ್ದರು. ಅವಳು ಬಂದು ಚಪ್ಪಲಿ ಬಿಡುವುದಕ್ಕೂ ಗಡಿಯಾರದ ದೊಡ್ಡ ಮುಳ್ಳು ಮೂರರ ಮೇಲೆ ಕೂರುವುದಕ್ಕೂ ಸರಿಹೋಗುತ್ತಿತ್ತು. "ಗಡಿಯಾರ ನಿಂತ್ರೆ ಇವಳನ್ನ ನೋಡಿ ತಿರುಗಿಸ್ಬಹುದು" ಎಂದು ಅತ್ತೆ ನಗುತ್ತಿದ್ದರು, ಅವಳೂ ನಗುತ್ತಿದ್ದಳು. ಅವಳ ನಿಜವಾದ ಹೆಸರು ಹೆಂಡತಿಗೆ ಗೊತ್ತಿತ್ತು. ಅವನು ಯಾವತ್ತೂ ಕೇಳಿರಲಿಲ್ಲ. ಈಗ ಕೇಳಿದರೆ ಅದೇ ಒಂದು ಸಾಕ್ಷಿಯಾಗುತ್ತದೇನೋ ಎನ್ನಿಸಿ ಸುಮ್ಮನಿದ್ದ. ಬೆಳಿಗ್ಗೆ ಅವನು ಷೂ ಹಾಕಿಕೊಳ್ಳುವಾಗ ಹೆಂಡತಿ ಬಾಗಿಲ ಹತ್ತಿರ ಬಂದು ದನಿ ತಗ್ಗಿಸಿದ್ದಳು. "ಇವತ್ತು ಅವಳು ಬರ್ತಾಳಂತೆ. ಬೀಗದ ಕೈ ಕೊಟ್ಟು ಹೋಗ್ತೀನಿ ಅಂದ್ಲು. ಅದಕ್ಕೆ ಮುಂಚೆ ಒಂದ್ಸಲ ಕ್ಯಾಮರಾ ತೋರಿಸ್ಬೇಕಂತೆ." ಲೇಸು ಕಟ್ಟುತ್ತಿದ್ದವನ ಬೆರಳು ಗಂಟಿನಲ್ಲಿ ಸಿಕ್ಕಿಕೊಂಡಿತು. "ಹೇಳಿದ್ನಲ್ಲ, ಅವತ್ತು ನೆಟ್ ಇರ್ಲಿಲ್ಲ ಅಂತ." "ನಾನೂ ಅದನ್ನೇ ಅಂದೆ. ಕೇಳ್ಬೇಕಲ್ಲ. ಮೇಲಿನ ಮನೆಯವರು, ಎದುರು ಮನೆಯವರು, ಆ ಡಾಕ್ಟ್ರ ಮನೆಯವರು, ಮೂವರೂ ಇವಳನ್ನ ಕೆಲಸದಿಂದ ಬಿಡಿಸಿದಾರಂತೆ. ನೀರು ಚೆಲ್ಲಿ ಅಜ್ಜಿ ಸೊಂಟ ಮುರಿದೋಳು ಅಂತ ಹೆಸರಾಗಿದೆಯಂತೆ. ಅಕ್ಕಾ, ನೆಲ ಒಣಗಿತ್ತು, ಅದೊಂದು ಗೊತ್ತಾದ್ರೆ ಸಾಕು, ಕೆಲಸ ನೀವು ಕೊಡೋದೂ ಬೇಡ ಅಂತಾಳೆ." ಹೆಂಡತಿ ಹಣೆ ಒತ್ತಿಕೊಂಡಳು. ಶಾಲೆಯ ಕಚೇರಿಗೆ ರಜೆ ಹಾಕಿ ತಾಯಿಯ ಮಂಚದ ಪಕ್ಕ ಕೂತು ಅವಳ ಮುಖ ನೆನೆಸಿಟ್ಟ ಬಟ್ಟೆಯ ಹಾಗಾಗಿತ್ತು. "ನಾನು ಸುಳ್ಳು ಹೇಳ್ತೀನಾ ರೀ? ಅಮ್ಮನೇ ಅಲ್ವಾ ಅಂದಿದ್ದು, ನೆಲ ಒದ್ದೆ ಇತ್ತು ಅಂತ?" ಇದನ್ನು ಅವಳು ಅವನನ್ನು ಕೇಳಿದಳೋ, ತನ್ನನ್ನೇ ಕೇಳಿಕೊಂಡಳೋ. ಒಳಗೆ ಮಂಚದ ಮೇಲೆ ಅತ್ತೆ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದರು. ನಿದ್ದೆ ಮಾಡುತ್ತಿರಲಿಲ್ಲ. ನಿದ್ದೆ ಮಾಡುವವರ ಹೆಗಲು ಅಷ್ಟು ಗಟ್ಟಿಯಾಗಿರುವುದಿಲ್ಲ.

ಹೆಂಗಸನ್ನು ಚೌಕಟ್ಟು ಅಳೆಯಲು ಹೊರಗೆ ಕಳಿಸಿ, ಗಾಜುಗಳನ್ನು ಒಂದೊಂದಾಗಿ ಅವುಗಳ ಮನೆಯಲ್ಲಿ ಇಡತೊಡಗಿದ. ಮರದ ಪೆಟ್ಟಿಗೆಯ ಒಳಗೆ ಮಖಮಲ್ಲಿನ ಸೀಳುಗಳು. ಪ್ರತಿ ಸೀಳಿಗೂ ಒಂದು ಸಂಖ್ಯೆ. ಎಡಕ್ಕೆ ದೂರ ಕಾಣದವರ ಗಾಜು, ಬಲಕ್ಕೆ ಹತ್ತಿರ ಕಾಣದವರ ಗಾಜು. ಒಂದು ತಪ್ಪಿದರೂ ಮುಂದೆ ಬಂದವರ ಕಣ್ಣೆಲ್ಲ ತಪ್ಪುತ್ತದೆ. ಅತ್ತೆ ಬಿದ್ದ ದಿನ ತಪ್ಪಿದ್ದು ಅದೇ. ಒಬ್ಬರ ಎಡಗಣ್ಣಿನ ಗಾಜು ಬಲಕ್ಕೆ ಹೋಗಿತ್ತು. ಮೆಟ್ಟಿಲು ಇಳಿಯುವಾಗ ಮೆಟ್ಟಿಲೇ ಎದ್ದು ಬಂದ ಹಾಗಾಯಿತು ಎಂದು ಆತ ಅಂಗಡಿಗೆ ಬಂದು ಕೂಗಾಡಿದ. ಸಣ್ಣ ಯಜಮಾನ, ಅಂದರೆ ಅಂಗಡಿ ಇಟ್ಟವರ ಮಗ, ಇವನು ಕೆಲಸಕ್ಕೆ ಸೇರಿದಾಗ ಗಲ್ಲಾದ ಕೆಳಗೆ ಕೂತು ಕನ್ನಡಕದ ಡಬ್ಬಿಗಳಿಂದ ರೈಲು ಮಾಡುತ್ತಿದ್ದವನು, ಐದಾರು ಗಿರಾಕಿಗಳ ಮುಂದೆ ನಗುನಗುತ್ತಲೇ ಅಂದ: "ಮೊದ್ಲು ನಿಮ್ಮ ಕಣ್ಣು ತೋರಿಸ್ಕೊಳ್ಳಿ ಮಾಸ್ತರೇ. ನಮ್ಮ ಸ್ಟಾಫಿಗೆ ರಿಯಾಯಿತಿ ಇದೆ." ಎಲ್ಲರೂ ನಕ್ಕರು. ಕೂಗಾಡುತ್ತಿದ್ದವನೂ ನಕ್ಕ, ಅದರಿಂದ ಜಗಳ ಅಲ್ಲಿಗೇ ಮುಗಿಯಿತು. ಯಜಮಾನಿಕೆಯೆಂದರೆ ಹೀಗೆ ಎಂದು ಯಾರಾದರೂ ಮೆಚ್ಚಬಹುದಿತ್ತು. ಇವನೂ ನಕ್ಕ. ನಗದಿದ್ದರೆ ಮಾತು ತನಗೆ ತಾಗಿತೆಂದು ಗೊತ್ತಾಗುತ್ತದೆ. ಹಾಗೆ ನಕ್ಕು ಕತ್ತಲ ಕೋಣೆಗೆ ಬಂದು, ಗಿರಾಕಿಯ ಕುರ್ಚಿಯಲ್ಲೇ ಕೂತ. ಆ ನಗು ಇನ್ನೂ ಬಾಯಲ್ಲೇ ಇತ್ತು, ಎಲ್ಲಿ ಉಗುಳುವುದೆಂದು ತಿಳಿಯದ ಹಾಗೆ. ಆಗಲೇ ಫೋನು ನಡುಗಿದ್ದು.

ಕ್ಯಾಮರಾ ತಂದದ್ದು ಕಳ್ಳರಿಗಾಗಿ ಎಂದು ಮನೆಯಲ್ಲಿ ಎಲ್ಲರೂ ಒಪ್ಪಿಕೊಂಡಿದ್ದರು. ವಯರಿಲ್ಲದ್ದು, ಎಲ್ಲಿ ಬೇಕಾದರೂ ಇಡಬಹುದು, ತಿಂಗಳಿಗೊಮ್ಮೆ ಚಾರ್ಜಿಗೆ ಹಾಕಿದರಾಯಿತು. ಬಿಳಿ ಮೊಟ್ಟೆಯಂಥದ್ದು, ನಡುವೆ ಕಪ್ಪು ಕಣ್ಣು, ಕೆಳಗೆ ಸಾಸಿವೆ ಕಾಳಿನಷ್ಟು ದೀಪ. ಅವನು ಅದನ್ನು ಹಾಲಿನ ಷೋಕೇಸಿನ ಮೇಲಿಟ್ಟು ತಿರುಗಿಸಿ ತಿರುಗಿಸಿ ಕೂರಿಸಿದಾಗ, ಕುರ್ಚಿಯಲ್ಲಿ ಕಾಲು ಮಡಿಸಿ ಕೂತಿದ್ದ ಅತ್ತೆ ಕೇಳಿದರು: "ಕಳ್ಳರು ಬಾಗಿಲಿಂದ ಬರ್ತಾರೆ. ಇದರ ಮುಖ ಅಡುಗೆಮನೆ ಕಡೆ ಯಾಕಿದೆ ಅಳಿಯಂದ್ರೇ?" ಹೆಂಡತಿ ಬೇರೆ ಕಡೆ ನೋಡಿದಳು. "ಹಾಗಲ್ಲ ಅತ್ತೆ, ಹಿಂದಿನ ಕಿಟಕಿ..." ಎಂದು ಅವನು ತಡವರಿಸಿದ. "ಹೌದೌದು. ಕಿಟಕಿ ಮೂಲಕ ಬಂದು ಸಕ್ಕರೆ ಕದಿಯೋರು ಈಗ ಜಾಸ್ತಿ ಆಗಿದಾರಂತೆ." ಅಷ್ಟಕ್ಕೇ ಆ ಮಾತು ಮುಗಿಯಿತು. ಅದಕ್ಕೆ ಎರಡು ತಿಂಗಳ ಹಿಂದೆ ಅತ್ತೆ ಬಚ್ಚಲಲ್ಲಿ ತಲೆಸುತ್ತಿ ಕೂತುಬಿಟ್ಟಿದ್ದರು. ಪರೀಕ್ಷೆ ಮಾಡಿದ ಡಾಕ್ಟರು ರಕ್ತದ ಸಕ್ಕರೆ ನೋಡಿ, ಇದು ಅಂಕಿಯೋ ಫೋನ್ ನಂಬರೋ ಎಂದಿದ್ದರು. ಸಕ್ಕರೆ ಡಬ್ಬಿ ಕೈಗೆಟುಕದ ಮೇಲಿನ ಹಲಗೆಗೆ ಹೋಯಿತು. ಆದರೂ ಡಬ್ಬಿ ಇಳಿಯುತ್ತಿತ್ತು. ಕ್ಯಾಮರಾ ಬಂತು. ಆಮೇಲೆ ಮಧ್ಯಾಹ್ನದ ಹೊತ್ತು ಅಂಗಡಿಯಲ್ಲಿ ಅವನು ಫೋನು ತೆರೆದು ನೋಡುವುದು ಅಭ್ಯಾಸವಾಯಿತು. ಮೊದಮೊದಲು ಅತ್ತೆಗಾಗಿ. ಆಮೇಲೆ ಸುಮ್ಮನೆ. ಖಾಲಿ ಕುರ್ಚಿ, ನೆಲದ ಮೇಲೆ ಬಿಸಿಲಿನ ಚೌಕ ಮೆಲ್ಲಗೆ ಸರಿಯುವುದು, ಒಂಬತ್ತೂಕಾಲು ಬಗ್ಗಿ ನೆಲ ಒರೆಸುತ್ತಾ ಹಿಂದಕ್ಕೆ ಹಿಂದಕ್ಕೆ ಹೋಗುವುದು. ತಾನು ಇಲ್ಲದಾಗ ತನ್ನ ಮನೆ ಎಷ್ಟು ನಿರಾಳವಾಗಿದೆ ಎನ್ನಿಸುತ್ತಿತ್ತು. ಒಂದು ಸಲ ಒಂಬತ್ತೂಕಾಲು ಒರೆಸುವುದನ್ನು ನಿಲ್ಲಿಸಿ, ಸೊಂಟಕ್ಕೆ ಕೈಕೊಟ್ಟು, ನೇರ ಕ್ಯಾಮರಾ ಕಡೆ ನೋಡಿದಳು. ಅವನು ಫೋನನ್ನು ಮೇಜಿನ ಮೇಲೆ ಬೋರಲು ಹಾಕಿದ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುವುದು ಇಂಥವರನ್ನು ನೋಡಿಯೇ ಹುಟ್ಟಿದ ಮಾತಿರಬೇಕು.

ಅವತ್ತು ಪರದೆಯ ಮೇಲೆ ಅತ್ತೆ ಅಡುಗೆಮನೆಯಲ್ಲಿ ನಿಂತಿದ್ದರು. ನೆಲದ ಮೇಲೆ. ಇದನ್ನು ಅವನು ಹತ್ತೊಂಬತ್ತು ದಿನದಿಂದ ತನಗೆ ತಾನೇ ಹೇಳಿಕೊಂಡು ಬಂದಿದ್ದಾನೆ. ಅವನಿಗೆ ಕಂಡಾಗ ಅವರು ನೆಲದ ಮೇಲಿದ್ದರು, ಸ್ಟೂಲಿನ ಮೇಲೆ ಕೈ ಮಾತ್ರ ಇತ್ತು. ಬಾಯಲ್ಲಿದ್ದ ಆ ನಗುವಿಗೆ ಒಂದು ಜಾಗ ಸಿಕ್ಕಿತು. ಮೈಕಿನ ಗುರುತಿನ ಮೇಲೆ ಬೆರಳು ಒತ್ತಿ ಹಿಡಿದ. "ಅತ್ತೇ! ಡಬ್ಬಿ ಅಲ್ಲೇ ಇರ್ಲಿ! ಎಲ್ಲಾ ಕಾಣ್ತಾ ಇದೆ ನಂಗೆ!" ಎಂದು ಕೂಗಿ ನಕ್ಕ. ಅದು ತಮಾಷೆಯೇ. ಆದರೆ ಅಷ್ಟು ಗಟ್ಟಿಯಾದ ದನಿಯಲ್ಲಿ, ಯಜಮಾನನ ದನಿಯಲ್ಲಿ, ಅವನು ಯಾವತ್ತೂ ಮಾತಾಡಿದವನಲ್ಲ. ಒತ್ತಿ ಹಿಡಿದಿರುವಷ್ಟು ಹೊತ್ತು ಆ ಕಡೆಯ ಸದ್ದು ಕೇಳಿಸುವುದಿಲ್ಲ, ಆಡಿದ್ದು ಆ ಕಡೆ ಹೋಗುವುದು ಬೆರಳೆತ್ತಿದ ಮೇಲೆ. ನಗು ಮುಗಿದು ಬೆರಳೆತ್ತುವ ಹೊತ್ತಿಗೆ ಚಿತ್ರದಲ್ಲಿ ಅತ್ತೆ ಸ್ಟೂಲಿನ ಮೇಲೆ ಇದ್ದರು, ಎರಡೂ ಕೈ ಮೇಲಿನ ಹಲಗೆಯಲ್ಲಿ, ಆಮೇಲೆ ಥಟ್ಟನೆ ಹಿಂದಕ್ಕೆ ತಿರುಗಿದರು, ಯಾರೋ ಹೆಗಲು ಹಿಡಿದು ತಿರುಗಿಸಿದ ಹಾಗೆ. ನಿಶ್ಶಬ್ದದಲ್ಲಿ ಬಿದ್ದರು. ಡಬ್ಬಿ ಅವರಾದ ಮೇಲೆ ಬಿತ್ತು. ಫೋನಿನಲ್ಲಿ ಬರುವ ಚಿತ್ರ ಮೂರು ಸೆಕೆಂಡು ಹಿಂದಿನದು ಎಂದು ಅವನಿಗೆ ಗೊತ್ತಿರಲಿಲ್ಲವೆಂದಲ್ಲ. ಹಾಲಿನ ಕುರ್ಚಿಗೆ ಬಂದು ಕೂತಾಗ ಫೋನಿನಲ್ಲಿ ತಾನು ಇನ್ನೂ ಅಡುಗೆಮನೆಯ ಬಾಗಿಲು ದಾಟುತ್ತಿರುವುದನ್ನು ನೋಡಿ ಹೆಂಡತಿಗೂ ತೋರಿಸಿ ನಗಿಸಿದ್ದ. ಆಮೇಲೆ ಏನಾಯಿತು ಎನ್ನುವುದೇ ದೊಡ್ಡದು. ಆಮೇಲೆ ಅವನು ಏನೂ ಮಾಡಲಿಲ್ಲ. ಹೆಂಡತಿಗೆ ಫೋನು ಮಾಡಬಹುದಿತ್ತು. ಮಾಡಿದರೆ ನಿಮಗೆ ಹೇಗೆ ಗೊತ್ತಾಯಿತು ಎನ್ನುತ್ತಿದ್ದಳು. ಏಳುತ್ತಾರೆ, ಈಗ ಏಳುತ್ತಾರೆ ಎಂದು ಕಾದ. ಆರು ನಿಮಿಷ. ಕತ್ತಲ ಕೋಣೆಯಲ್ಲಿ, ಎದುರಿಗೆ ಬೆಳಗುತ್ತಿದ್ದ ಅಕ್ಷರಗಳ ಪೆಟ್ಟಿಗೆ, ಕೈಯಲ್ಲಿ ಬೆಳಗುತ್ತಿದ್ದ ಇನ್ನೊಂದು ಪೆಟ್ಟಿಗೆ. ಅತ್ತೆಯ ಬಾಯಿ ತೆರೆದು ಮುಚ್ಚುವುದು ಕಾಣುತ್ತಿತ್ತು. ಸದ್ದನ್ನು ಅವನೇ ಸೊನ್ನೆಗೆ ಇಳಿಸಿದ್ದ, ಹೊರಗಿನ ಗಿರಾಕಿಗಳಿಗೆ ಕೇಳಿಸಬಾರದೆಂದು. ಹಾಗೆಂದೇ ಅಂದುಕೊಂಡಿದ್ದ.

ಬಂದವಳು ಒಂಬತ್ತೂಕಾಲು. ಇವರ ಮನೆ ಮುಗಿಸಿ ಕೆಳಗಿನ ಮನೆಗೆ ಹೋಗಿದ್ದವಳು ಕೂಗು ಕೇಳಿ ಓಡಿಬಂದು, ತನ್ನ ಹತ್ತಿರವಿದ್ದ ಬೀಗದ ಕೈಯಿಂದ ಬಾಗಿಲು ತೆಗೆದಿದ್ದಳು. ನೆಲದಲ್ಲಿ ಕೂತು ಅತ್ತೆಯ ತಲೆಯನ್ನು ತೊಡೆಯ ಮೇಲಿಟ್ಟುಕೊಂಡಳು. ನೀರು ಕುಡಿಸಿದಳು. ಹೆಂಡತಿಗೆ ಫೋನು ಮಾಡಿದಳು. ಅದೆಲ್ಲ ಅವನು ನೋಡಿದ. ಆಮೇಲೆ ಅತ್ತೆ ಏನೋ ಹೇಳಿದರು, ಅವಳು ತಲೆಯಾಡಿಸಿದಳು. ತಲೆಯ ಕೆಳಗೆ ದಿಂಬಿಟ್ಟು, ಎದ್ದು, ಪೊರಕೆ ತಂದು, ಚೆಲ್ಲಿದ ಸಕ್ಕರೆಯನ್ನೆಲ್ಲ ಗುಡಿಸಿದಳು. ಒಂದು ಕಾಳೂ ಉಳಿಯದ ಹಾಗೆ, ಒಲೆಯ ಸಂದಿಯಿಂದಲೂ ಎಳೆದು ಗುಡಿಸಿದಳು. ಡಬ್ಬಿಯನ್ನು ಮೇಲಿನ ಹಲಗೆಯಲ್ಲಿ, ಸ್ಟೂಲನ್ನು ಬಾಗಿಲ ಹಿಂದೆ ಇಟ್ಟಳು. ಕೊನೆಗೆ ಅಂಟು ಹೋಗಲೆಂದು ಅಷ್ಟು ಜಾಗವನ್ನು ಒದ್ದೆ ಬಟ್ಟೆಯಲ್ಲಿ ಒರೆಸಿದಳು. ಹೆಂಡತಿ ಓಡಿಬಂದಾಗ ನೆಲ ನಿಜವಾಗಿಯೂ ಒದ್ದೆಯಾಗಿತ್ತು. ಮುದುಕಿಯ ಮಾನ ಉಳಿಸಲು ಹೋದವಳು ತನ್ನ ಕೈಯಾರೆ ತನ್ನ ಮೇಲೆ ಸಾಕ್ಷಿ ಬರೆದಿಟ್ಟಳು. ಅವನೊಬ್ಬನಿಗೆ ಅದು ಗೊತ್ತು. ಇಲ್ಲ, ಮೂವರಿಗೆ ಗೊತ್ತು, ಮೂವರೂ ಬಾಯಿ ಮುಚ್ಚಿಕೊಂಡಿದ್ದಾರೆ, ಒಬ್ಬೊಬ್ಬರೂ ಬೇರೆ ಬೇರೆ ಕಾರಣಕ್ಕೆ. ಆಸ್ಪತ್ರೆಯಲ್ಲಿ, ಕಾಲಿಗೆ ಸರಳು ಹಾಕುವ ಮೊದಲು, ಹೆಂಡತಿ ಅಳುತ್ತಾ, "ಹೇಗೆ ಬಿದ್ದೆ ಅಮ್ಮಾ?" ಎಂದಾಗ ಅತ್ತೆ, "ನೆಲ ಒದ್ದೆ ಇತ್ತು ಕಣೇ" ಎಂದರು. ಹಾಗೆನ್ನುವಾಗ ಅವರು ನೋಡಿದ್ದು ಮಗಳನ್ನಲ್ಲ, ಅವಳ ಹಿಂದೆ ನಿಂತಿದ್ದ ಅವನನ್ನು. ಆ ನೋಟದಲ್ಲಿ ಸಿಟ್ಟಿದ್ದಿದ್ದರೆ ಸಹಿಸಬಹುದಿತ್ತು. ಇಬ್ಬರು ಕಳ್ಳರು ಒಂದೇ ಬೇಲಿಯ ಎರಡು ಕಡೆ ಎದುರಾದಾಗ ನೋಡಿಕೊಳ್ಳುವ ಹಾಗಿತ್ತು ಅದು. ಅವನು ತಕ್ಷಣ, ಯಾರೂ ಕೇಳದಿದ್ದರೂ, "ಅವತ್ತು ನೆಟ್ ಇರ್ಲಿಲ್ಲ" ಎಂದ. 'ಅವತ್ತು' ಎಂದ, ಅದು ಇನ್ನೂ ಅದೇ ದಿನವಾಗಿದ್ದರೂ.

ಕ್ಯಾಮರಾ ತಾನೇ ಉಳಿಸಿಕೊಂಡಿದ್ದ ಹದಿನಾಲ್ಕು ಸೆಕೆಂಡಿನ ಆ ತುಣುಕನ್ನು ಅವನು ಅಳಿಸಿರಲಿಲ್ಲ. ಅಳಿಸಬೇಕೆಂದು ಎಷ್ಟೋ ಸಲ ತೆರೆದಿದ್ದ. ತೆರೆದರೆ ನೋಡುತ್ತಿದ್ದ. ಸದ್ದು ಹಾಕಿ ನೋಡಿದ್ದು ಒಂದೇ ಸಲ. ಅತ್ತೆ ಬಿದ್ದ ಸದ್ದು ಅಷ್ಟೇನಿರಲಿಲ್ಲ, ಬಟ್ಟೆಯ ಗಂಟು ಬಿದ್ದ ಹಾಗೆ. ಅದರ ಮೇಲೆ, ಬಿದ್ದ ಮೇಲೂ, ಮೊಟ್ಟೆಯೊಳಗಿಂದ ಅವನ ನಗು ಬರುತ್ತಿತ್ತು. ಕೂಗಿದ್ದಕ್ಕೆ ವಿವರಣೆ ಕೊಡಬಹುದು, ಮೂರು ಸೆಕೆಂಡಿನ ಲೆಕ್ಕ ಹೇಳಬಹುದು. ಆ ನಗುವಿಗೆ ಏನು ಹೇಳುವುದು? ಹೆಂಡತಿ ಅದನ್ನು ಕೇಳಿದರೆ? ಇಪ್ಪತ್ತು ವರ್ಷ ಜೊತೆಗಿದ್ದರೂ ಅವಳು ಕೇಳಿರದ ನಗು ಅದು. ಬಿಸಿ ತುಪ್ಪ ಬಾಯಲ್ಲಿದ್ದ ಹಾಗೆ, ನುಂಗಲೂ ಆಗದು, ಉಗುಳಲೂ ಆಗದು ಎನ್ನುತ್ತಾರೆ. ಹತ್ತೊಂಬತ್ತು ದಿನದಲ್ಲಿ ತುಪ್ಪ ಆರಿ ಗಟ್ಟಿಯಾಗಿ ಅಂಗುಳಿಗೆ ಅಂಟಿಕೊಂಡಿದೆ. ಈಗ ಬಾಯಿ ಸುಡುವುದಿಲ್ಲ. ರುಚಿಯೂ ಇಲ್ಲ. ದಣಿವು ಮಾತ್ರ. ಮನೆಗೆ ಹೋದರೆ ಅತ್ತೆಗೆ ಮಾತ್ರೆ ಕೊಡುತ್ತಾನೆ, ಅವರು "ಕೊಡಿ" ಎಂದು ಕೈ ಚಾಚುತ್ತಾರೆ. "ನೀರು?" ಎನ್ನುತ್ತಾನೆ. "ಸಾಕು" ಎನ್ನುತ್ತಾರೆ. ಮೊದಲಿನ ಹಾಗೆ ಅಳಿಯಂದ್ರೇ ಎಂದು ಕೆಣಕುವುದಿಲ್ಲ. ಅವನು ಅಡುಗೆಮನೆಯಿಂದ ಸ್ವಲ್ಪ ಗಟ್ಟಿಯಾಗಿ ಮಾತಾಡಿದರೆ ಹೊದಿಕೆಯ ಕೆಳಗೆ ಅವರ ಮೈ ಒಂದು ಸಲ ಎಗರುತ್ತದೆ. ಅದನ್ನು ಅವನು ನೋಡಿದ್ದಾನೆ. ಅದಕ್ಕೇ ಮನೆಯಲ್ಲಿ ಈಗ ಪಿಸುದನಿಯಲ್ಲೇ ಮಾತಾಡುತ್ತಾನೆ. ಅತ್ತೆಯ ನೋವಿಗೆ ಮರುಗಿ ಹೀಗಾಗಿದ್ದಾನೆ ಎಂದು ಹೆಂಡತಿ ತನ್ನ ತಂಗಿಗೆ ಫೋನಿನಲ್ಲಿ ಹೇಳುತ್ತಿದ್ದಳು.

ಫೋನು ಮತ್ತೆ ನಡುಗಿತು. ಹನ್ನೊಂದು. ಬಾಗಿಲು ಮುಂದೆ ಮಾಡಿ, ಗಿರಾಕಿಯ ಕುರ್ಚಿಯಲ್ಲಿ ಕೂತು, ಸದ್ದು ಸಣ್ಣದಾಗಿಟ್ಟು ತೆರೆದ. ಹಾಲಿಗೆ ತಂದು ಹಾಕಿದ ಮಂಚ, ಅದರ ಮೇಲೆ ಅತ್ತೆಯ ಬೆನ್ನು. ಹೆಂಡತಿ ಸೊಂಟಕ್ಕೆ ಕೈಯಿಟ್ಟು ನಿಂತಿದ್ದಾಳೆ. ಅಡುಗೆಮನೆಯ ಬಾಗಿಲಿಗೆ ಬೆನ್ನು ಕೊಟ್ಟು ಒಂಬತ್ತೂಕಾಲು, ಕೈಯಲ್ಲಿ ಬೀಗದ ಕೈ. ಕೆಲಸವಿಲ್ಲದೆ ಆ ಮನೆಯಲ್ಲಿ ನಿಂತು ಅವಳಿಗೆ ಅಭ್ಯಾಸವಿರಲಿಲ್ಲ. ಕೈ ಎಲ್ಲಿಡುವುದೆಂದು ತಿಳಿಯದೆ ಕೈಯಿಂದ ಕೈಗೆ ಬೀಗದ ಕೈ ಬದಲಿಸುತ್ತಿದ್ದಳು.

"ಇದ್ದಿದ್ರೆ ತೋರಿಸ್ತಿರ್ಲಿಲ್ವಾ? ಅವತ್ತು ನೆಟ್ಟೇ ಇರ್ಲಿಲ್ವಂತೆ ಕಣೇ."

"ಇತ್ತಕ್ಕಾ."

"ನಿಂಗೇನು ಗೊತ್ತು?"

"ದೀಪ ನೀಲಿ ಇತ್ತು. ನೆಟ್ ಹೋದ್ರೆ ಅದು ಕೆಂಪಾಗುತ್ತೆ. ಅದರ ಮೇಲಿನ ಧೂಳು ದಿನಾ ನಾನೇ ಒರೆಸ್ತಿದ್ದಿದ್ದು." ಅವಳು ಷೋಕೇಸಿನ ಕಡೆ ನೋಡಿದಳು. "ಮೊದ್ಲು ಅದನ್ನ ಕಂಡ್ರೆ ಆಗ್ತಿರ್ಲಿಲ್ಲ ನಂಗೆ. ಬಗ್ಗಿ ಕೆಲಸ ಮಾಡೋವಾಗ ಬೆನ್ನ ಹಿಂದೆ ಯಾರೋ ನಿಂತ ಹಾಗೆ. ಈಗ ನೋಡಿ, ಅದನ್ನೇ ಕೇಳ್ಕೊಂಡು ಬಂದಿದೀನಿ."

"ಹಾಗಾದ್ರೆ ಅಮ್ಮ ಸುಳ್ಳು ಹೇಳ್ತಾರೆ ಅಂತೀಯಾ?"

"ಅಮ್ಮನ ವಿಷಯ ನಾನು ಮಾತಾಡಲ್ಲ. ಮಾತಾಡಲ್ಲ ಅಂತ ಹೇಳಿದೀನಿ."

"ಯಾರಿಗೆ ಹೇಳಿದೀಯ?"

ಅವಳ ಕಣ್ಣು ಮಂಚದ ಕಡೆ ಹೋಯಿತು. ಮಂಚದ ಮೇಲಿನ ಬೆನ್ನು ಅಲುಗಲಿಲ್ಲ. ಈಗ, ಈಗಲಾದರೂ ಅತ್ತೆ ಈ ಕಡೆ ಹೊರಳಿ ಒಂದು ಮಾತಾಡಿದರೆ ತಾನು ಬದುಕಿದೆ ಎಂದುಕೊಂಡ. ಅತ್ತೆಯೂ ಗೋಡೆ ನೋಡುತ್ತಾ ಅಳಿಯ ಮಾತಾಡಿದರೆ ಬದುಕಿದೆ ಎಂದುಕೊಳ್ಳುತ್ತಿರಬಹುದು ಎಂದು ಮರುಕ್ಷಣವೇ ಹೊಳೆದು, ಏನೋ ಅಸಹ್ಯವಾಯಿತು. ಒಂದು ಚಮಚ ಸಕ್ಕರೆ ಕದ್ದ ಎಪ್ಪತ್ತನಾಲ್ಕು ವರ್ಷದ ಹೆಂಗಸು ಮೊದಲು ಬಾಯಿ ಬಿಡಲಿ ಎಂದು ತಾನು ಕಾಯುತ್ತಿದ್ದೇನೆ. ಹೊರಗೆ ಸಣ್ಣ ಯಜಮಾನ, "ಮಾಸ್ತರೇ, ಇಬ್ರು ಕಾಯ್ತಾ ಇದಾರೆ" ಎಂದ. "ಬಂದೆ" ಎಂದ. ಅವನ ದನಿ ಅವನಿಗೇ ಕೇಳಿಸಲಿಲ್ಲ.

ಒಂಬತ್ತೂಕಾಲು ಕ್ಯಾಮರಾದ ಕಡೆ ಬಂದಳು. ಪರದೆಯ ಮೇಲೆ ದೊಡ್ಡದಾಗುತ್ತಾ ದೊಡ್ಡದಾಗುತ್ತಾ ಷೋಕೇಸಿನ ಎದುರು ನಿಂತಳು. ಮೂರು ವಾರದಿಂದ ಯಾರೂ ಒರೆಸಿರದ ಮೊಟ್ಟೆಯನ್ನು ನೋಡಿದಳು. ಅವಳು ಏನು ಯೋಚಿಸಿದಳೋ, ಅಥವಾ ಯೋಚಿಸಲೇ ಇಲ್ಲವೋ, ಕೈ ತನ್ನ ಪಾಡಿಗೆ ಮೇಲೆ ಬಂತು. ಹೆಬ್ಬೆರಳಿನಿಂದ ಆ ಕಣ್ಣನ್ನು ಒರೆಸಿದಳು. ಫೋನೆಲ್ಲ ಒಮ್ಮೆ ಕತ್ತಲಾಯಿತು, ಚರ್ಮದ ಗೆರೆಗಳು, ಸೋಪಿನಲ್ಲಿ ಬಿಳಿಚಿ ಒಡೆದ ತುದಿ. ಬೆರಳು ಸರಿದಾಗ ಚಿತ್ರ ಇದ್ದಕ್ಕಿದ್ದಂತೆ ನಿಚ್ಚಳವಾಗಿತ್ತು. ಇಷ್ಟು ದಿನ ಮಂಜು ಮಂಜಾಗಿ ಕಾಣುತ್ತಿದ್ದದ್ದು ಧೂಳಿನಿಂದ ಎಂದು ಅವನಿಗೆ ತಿಳಿದೇ ಇರಲಿಲ್ಲ. ಅವಳ ಕಣ್ಣು ಕೆಂಪಗಿತ್ತು. ಎಡಗಣ್ಣಿನ ಅಂಚಿನಲ್ಲಿ ಸಣ್ಣ ಪೊರೆ ಬೆಳೆಯುತ್ತಿದೆ, ತೋರಿಸಿಕೊಳ್ಳಬೇಕು ಎಂದು ಇಪ್ಪತ್ತೆರಡು ವರ್ಷದ ಅಭ್ಯಾಸ ಅವನೊಳಗೆ ಹೇಳಿತು.

"ಅಣ್ಣಾ," ಎಂದಳು. ಅವನನ್ನು ಅವಳು ಹಾಗೆ ಕರೆದದ್ದು ಅದೇ ಮೊದಲು. "ನೋಡ್ತಾ ಇದೀರಿ ಅಂತ ಗೊತ್ತು. ನೀಲಿ ದೀಪ ಮಿಣುಕ್ತಾ ಇದೆ. ನೀವು ನೋಡೋವಾಗ ಮಾತ್ರ ಅದು ಹೀಗೆ ಮಿಣುಕೋದು." ಕಾದಳು. "ಆಯ್ತು ಬಿಡಿ."

ಹಿಂದಿರುಗಿ ಹೋಗಿ ಬೀಗದ ಕೈಯನ್ನು ಅತ್ತೆಯ ಮಾತ್ರೆಗಳ ಪಕ್ಕ ಮೇಜಿನ ಮೇಲೆ ಇಟ್ಟಳು. ಇಟ್ಟ ಸದ್ದು ಬಂತು. ಅವಳಿಗೆ ಎಲ್ಲ ಗೊತ್ತಿತ್ತು. ಅವನು ಎಷ್ಟು ಹೊತ್ತು ನೋಡುತ್ತಾನೆ, ಯಾವಾಗ ನೋಡುತ್ತಾನೆ, ಅವತ್ತು ಅತ್ತೆಯ ತಲೆ ತೊಡೆಯ ಮೇಲಿಟ್ಟುಕೊಂಡಾಗ ಷೋಕೇಸಿನ ಮೇಲೆ ಆ ದೀಪ ಮಿಣುಕುತ್ತಿದ್ದದ್ದು. ತಾನು ನೋಡುತ್ತಿದ್ದೇನೆ ಎಂದುಕೊಂಡ ಅಷ್ಟೂ ದಿನ ಅವಳು ಅವನನ್ನು ನೋಡುತ್ತಿದ್ದಳು. ಅವನ ಮೈಯಲ್ಲಿ ಏನೋ ಸಡಿಲಿತು, ಧೈರ್ಯವಲ್ಲ, ಹೊತ್ತು ಹೊತ್ತು ಕೈ ಸೋತಾಗ ಹೊರೆ ತಾನೇ ಜಾರುವ ಹಾಗೆ. ಮೈಕಿನ ಗುರುತಿನ ಮೇಲೆ ಬೆರಳಿಟ್ಟ. ಒತ್ತಿದ. ಮನೆಯ ಸದ್ದು ಕತ್ತರಿಸಿ ಹೋಯಿತು.

"ನೆಲ ಒಣಗಿತ್ತು," ಎಂದ. "ಅತ್ತೆ ಸ್ಟೂಲ್ ಹತ್ತಿದ್ರು. ನಾನು ಇಲ್ಲಿಂದ ಕೂಗಿದೆ. ಕೂಗಿ ನಕ್ಕೆ. ಅದಕ್ಕೆ ಬಿದ್ರು. ನಂಗೆ ಗೊತ್ತಿತ್ತು, ನೋಡ್ತಾ ಕೂತಿದ್ದೆ. ಅವಳದ್ದೇನೂ ತಪ್ಪಿಲ್ಲ. ಕ್ಯಾಮರಾದಲ್ಲಿ ಇದೆ. ಸಂಜೆ ತೋರಿಸ್ತೀನಿ."

ಬೆರಳೆತ್ತಿದ. ಪರದೆಯ ಮೇಲೆ ಏನೂ ಆಗಿರಲಿಲ್ಲ. ಚಿತ್ರದ ಅಂಚಿನಲ್ಲಿ ಒಂಬತ್ತೂಕಾಲು ಚಪ್ಪಲಿಯಲ್ಲಿ ಕಾಲು ತೂರಿಸುತ್ತಿದ್ದಳು. ಹೆಂಡತಿ ಮೇಜಿನ ಮೇಲಿನ ಬೀಗದ ಕೈಯನ್ನು ನೋಡುತ್ತಿದ್ದಳು. ಅತ್ತೆಯ ಬೆನ್ನು ಹಾಗೆಯೇ ಇತ್ತು. ಅವರ್ಯಾರಿಗೂ ಇನ್ನೂ ಕೇಳಿಸಿರಲಿಲ್ಲ. ಹೆಂಡತಿಗೆ ತನ್ನ ಗಂಡ ಇನ್ನೂ ಮೊದಲಿನವನೇ. ಬೇಕಾದರೆ ಈಗಲೂ, ಎಂದು ಮನಸ್ಸಿನ ಯಾವುದೋ ಮೂಲೆ ಹೇಳಿತು, ಈಗಲೂ ಏನಾದರೂ ಮಾಡಬಹುದೇ ಎಂದು. ಮಾಡಲು ಏನೂ ಇರಲಿಲ್ಲ. ಆಡಿದ ಮಾತು ದಾರಿಯಲ್ಲಿತ್ತು. ಆಮೇಲೆ ಫೋನಿನಿಂದಲೇ ಒಂದು ದನಿ ಬಂತು, ತೆಳ್ಳಗೆ, ದಣಿದು: "ನೆಲ ಒಣಗಿತ್ತು." ಯಾರೋ ಬೇರೆಯವರ ದನಿ. ಮಂಚದ ಮೇಲೆ ಅತ್ತೆಯ ಮೈ ಒಮ್ಮೆ ಎಗರಿತು, ಅವರ ಕೈ ಮಂಚದ ಕಬ್ಬಿಣವನ್ನು ಹಿಡಿಯಿತು. ಹೆಂಡತಿ ನೋಡಿದ್ದು ಕ್ಯಾಮರಾವನ್ನಲ್ಲ, ಆ ಕೈಯನ್ನು. ಮಾತು ಮುಗಿಯುವವರೆಗೂ ಅವಳು ಆ ಕೈಯನ್ನೇ ನೋಡುತ್ತಿದ್ದಳು. ಕೇಳಬೇಕಾದದ್ದೆಲ್ಲ ಅವಳಿಗೆ ಅಲ್ಲೇ ಕೇಳಿಸಿದ ಹಾಗಿತ್ತು.

"ಅಮ್ಮಾ?" ಎಂದಳು.

ಅತ್ತೆ ಮೆಲ್ಲಗೆ, ನೋವಿನ ಕಾಲನ್ನು ಕೈಯಿಂದ ಎತ್ತಿಟ್ಟುಕೊಂಡು, ಈ ಕಡೆ ಹೊರಳಿದರು. ಹತ್ತೊಂಬತ್ತು ದಿನದ ಮೇಲೆ ಅವರ ಮುಖ ಕ್ಯಾಮರಾಕ್ಕೆ ಕಂಡಿತು. "ಅದರೊಳಗಿಂದ ಇಷ್ಟು ಮೆಲ್ಲಗೆ ಮಾತಾಡೋಕೂ ಬರುತ್ತಲ್ಲ ಅವರಿಗೆ," ಎಂದರು. ಆಮೇಲೆ ಬಾಗಿಲ ಕಡೆ ನೋಡಿ, "ಚಪ್ಪಲಿ ಬಿಡೇ. ಸಕ್ಕರೆ ಗುಡಿಸಿದೋಳು ನೀನು. ನಾನು ಹೇಳ್ಬೇಕಿತ್ತು. ಬಾ, ಕೂತ್ಕೋ" ಎಂದರು.

ಬಾಗಿಲಲ್ಲಿದ್ದವಳು ಬಂದಳೋ ಹೋದಳೋ ಅವನಿಗೆ ಕಾಣಲಿಲ್ಲ. ಹೆಂಡತಿ ಅಡ್ಡ ಬಂದಿದ್ದಳು. ನೇರ ಷೋಕೇಸಿನ ಹತ್ತಿರ ಬಂದು, ಒರೆಸಿ ನಿಚ್ಚಳವಾದ ಆ ಕಣ್ಣಿನೊಳಗೆ ನೋಡಿದಳು. ಮೊಟ್ಟೆಯನ್ನು ಎರಡು ಬೆರಳಲ್ಲಿ ಹಿಡಿದು ಗೋಡೆಯ ಕಡೆ ತಿರುಗಿಸಿದಳು, ಅಳುವ ಮಗುವಿನ ಮುಖ ತಿರುಗಿಸುವಷ್ಟೇ ಮೆಲ್ಲಗೆ. ಪರದೆಯ ತುಂಬ ಗೋಡೆ ಬಂತು. ಸುಣ್ಣದ ಒಂದು ಬಿರುಕು, ಎಂದೋ ಹೊಡೆದ ಮೊಳೆಯ ತೂತು. ಸದ್ದು ಬರುತ್ತಲೇ ಇತ್ತು, ಮಾತುಗಳು ಮಾತ್ರ ತಿಳಿಯದಷ್ಟು ತಗ್ಗಿದ್ದವು. ಕುರ್ಚಿಯೊಂದನ್ನು ಎಳೆದ ಸದ್ದು. ಯಾರೋ ಕೂತರು.

ಬಾಗಿಲು ತೆರೆದು ಬೆಳಕು ಬಿತ್ತು. ಗಿರಾಕಿಯ ಕುರ್ಚಿಯಲ್ಲಿ ತಾನೇ ಕೂತಿದ್ದೇನೆಂದು ಅವನಿಗೆ ನೆನಪಾಯಿತು. "ಮಾಸ್ತರೇ, ಇನ್ನೆಷ್ಟು ಹೊತ್ತು?" ಎಂದ ಸಣ್ಣ ಯಜಮಾನ. ಅವನ ಹಿಂದೆ, ಕೈಯಲ್ಲಿ ಹಳೆಯ ಕನ್ನಡಕ ಹಿಡಿದು ಯಾರೋ ನಿಂತಿದ್ದರು. ಅವನು ಎದ್ದು ಕುರ್ಚಿಯ ಮೇಲೆ ಒಮ್ಮೆ ಕೈಯಾಡಿಸಿ ಜಾಗ ಮಾಡಿಕೊಟ್ಟ. ಫೋನನ್ನು ಆರಿಸದೆ, ಗೋಡೆಯನ್ನು ಹಾಗೆಯೇ ಹೊತ್ತುಕೊಂಡು, ಜೇಬಿಗೆ ಹಾಕಿದ. ಎದೆಗೆ ತಾಗಿಕೊಂಡು ಮನೆಯ ಸದ್ದು ಸಣ್ಣಗೆ ಬರುತ್ತಲೇ ಇತ್ತು.

"ಕೂತ್ಕೊಳ್ಳಿ," ಎಂದ, ಮೆಲ್ಲಗೆ. "ಕಂಡಷ್ಟು ಮಾತ್ರ ಹೇಳಿ."